ಮಾವನ ವಸಡಿನ ಮಿಶ್ರ ಛಾಪು

ಹಲ್ಲು ಇರುವುದು ತಿನ್ನುವುದಕ್ಕೆ ಎಂದು ನೀವು ನಂಬಿದ್ದರೆ, ನಿಮಗೆ ನಮ್ಮ ಸೋದರಮಾವನ ಪರಿಚಯವಿಲ್ಲ ಎಂದಾಯಿತು. ಅವರ ಪ್ರಕಾರ ತಿನ್ನುವುದಕ್ಕೆ ದವಡೆ ಹಲ್ಲು ಧಾರಾಳ ಸಾಕು. ಮುಂದಿನ ನಾಲ್ಕು ಹಲ್ಲು, ಅಂದರೆ ಮೇಲಿನವೆರಡು ಕೆಳಗಿನವೆರಡು, ಭಗವಂತ ಕೊಟ್ಟಿರುವುದು ಮೋರ್ಚಿಂಗ್ ಬಾರಿಸುವುದಕ್ಕೆ!

ಮೋರ್ಚಿಂಗ್ ಗೊತ್ತಲ್ಲ? ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಒಂದು ಕಬ್ಬಿಣದ ಬಳೆ, ಅದರ ನಡುವೆ ತೆಳ್ಳನೆಯ ಉಕ್ಕಿನ ನಾಲಗೆ. ಬಳೆಯನ್ನು ಮುಂಬಲ್ಲಿಗೆ ಒತ್ತಿ ಹಿಡಿದು ಆ ನಾಲಗೆಯನ್ನು ಬೆರಳಿನಿಂದ ಮೀಟಿದರೆ ಮನುಷ್ಯನ ಬಾಯಿ ಮೃದಂಗದ ಹೊಟ್ಟೆಯಾಗಿ 'ಝೊಂಯ್' ಎನ್ನುತ್ತದೆ. ನಮ್ಮ ಮಾವನ ಊರು ಅರಕಲಗೂಡು ತಾಲ್ಲೂಕಿನಲ್ಲಿ, ರುದ್ರಪಟ್ಟಣಕ್ಕೆ ಸೈಕಲ್ ತುಳಿದುಕೊಂಡು ಹೋಗಿಬರುವಷ್ಟು ಹತ್ತಿರ. ರುದ್ರಪಟ್ಟಣದಲ್ಲಿ ಮನೆಗೊಬ್ಬರು ವಿದ್ವಾಂಸರು. ನಾವೋ ಶುಂಠಿ, ಮುಸುಕಿನ ಜೋಳ, ಹೊಗೆಸೊಪ್ಪು ಬೆಳೆಯುವವರು. ನಮ್ಮ ವಂಶದಲ್ಲಿ ಶ್ರುತಿ ಎಂದರೆ ಹುಡುಗಿಯ ಹೆಸರು, ಅಷ್ಟೇ. ಆದರೆ ಮಾವ ಹದಿನಾರನೇ ವಯಸ್ಸಿನಲ್ಲಿ ಅಲ್ಲಿಯ ಸಂಗೀತೋತ್ಸವಕ್ಕೆ ಚಪ್ಪರದ ಕಂಬ ಹೂಳಲು ಹೋದವರು ಮೂರು ದಿನ ಮನೆಗೆ ಬರಲಿಲ್ಲ. ಬಂದಾಗ ಜೇಬಿನಲ್ಲಿ ಯಾರೋ ಹಿರಿಯರು ಕೊಟ್ಟ ಹಳೆಯ ಮೋರ್ಚಿಂಗ್ ಇತ್ತು. ಅಂದಿನಿಂದ ಹೊಲದ ಬದುವಿನ ಮೇಲೆ, ಬಸ್ಸಿನ ಕಿಟಕಿಯ ಪಕ್ಕದಲ್ಲಿ, ಬೀಗರೂಟದಲ್ಲಿ ಎಲೆ ಹಾಕಿ ಸಾರು ಬರುವ ತನಕದ ಬಿಡುವಿನಲ್ಲಿ, ಎಲ್ಲೆಲ್ಲೂ 'ಝೊಂಯ್'! ಈಗ ಅವರಿಗೆ ಅರವತ್ತೆರಡು. ಅರಕಲಗೂಡಿನ ಒಂದು ಭಜನಾ ಮಂಡಲಿಗೆ ಅವರೇ ಮೋರ್ಚಿಂಗ್ ವಿದ್ವಾನ್. ಅವರನ್ನು ವಿದ್ವಾನ್ ಎಂದು ಕರೆದವರು ಯಾರು ಎಂದು ಕೇಳಬೇಡಿ, ಅವರೇ.

ಇಂಥ ಸಂಗೀತಗಾರರಿಗೆ ಒಂದೇ ಒಂದು ದುರಭ್ಯಾಸ. ಎಲೆಅಡಿಕೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಸೇರಿಸಿ ಕೆಳತುಟಿಯ ಹಿಂದೆ ಇಟ್ಟುಕೊಳ್ಳುವುದು. ಹಲ್ಲುಜ್ಜುವುದು ಬೇವಿನ ಕಡ್ಡಿಯಲ್ಲಿ, ಅದೂ ನೆನಪಾದರೆ. ಹಲ್ಲುಗಳ ಬುಡದಲ್ಲಿ ಕಂದುಬಣ್ಣದ ಕಲ್ಲು ಕಟ್ಟಿಕೊಂಡು, ಬೇಲೂರಿನ ಶಿಲಾಬಾಲಿಕೆಯರನ್ನು ಕೆತ್ತಿ ಉಳಿದ ಚೂರನ್ನೆಲ್ಲ ತಂದು ಇಲ್ಲಿ ಅಂಟಿಸಿದ ಹಾಗಿತ್ತು.

ಎರಡು ವರ್ಷದ ಹಿಂದೆ ಅವರ ವಸಡಿನಲ್ಲಿ ರಕ್ತ ಬರಲು ಶುರುವಾಯಿತು. ಮಾವ ಅದಕ್ಕೆ 'ಉಷ್ಣ' ಎಂದರು. ಬಾಯಿ ವಾಸನೆ ಬಂತು. 'ಪಿತ್ತ' ಎಂದರು. ವಸಡು ಕೆಳಗಿಳಿದು ಹಲ್ಲು ಉದ್ದವಾಗಿ ಕಾಣತೊಡಗಿತು. "ವಯಸ್ಸಾದ್ ಮ್ಯಾಲೂ ಬೆಳೀತಾ ಅವೆ ನೋಡು ಮಗ, ಗಟ್ಟಿ ಬೀಜ ನಂದು!" ಎಂದು ಹೆಮ್ಮೆಪಟ್ಟರು. ಕೊನೆಗೆ ಕೆಳಗಿನ ಮುಂಬಲ್ಲುಗಳು ಅಲ್ಲಾಡಲು ಶುರುವಾಗಿ ಮೋರ್ಚಿಂಗಿನ ನಾದವೂ ನಡುಗತೊಡಗಿತು. ಅದಕ್ಕೇನೆಂದರು ಗೊತ್ತೇ? ಗಮಕ!

ಹಾಗೆಂದು ಅವರು ಸುಮ್ಮನೆ ಕೂತಿರಲಿಲ್ಲ. ಉಪ್ಪು-ಇದ್ದಿಲು, ಪಟಿಕ, ಲವಂಗದೆಣ್ಣೆ, ಸೀಬೆ ಚಿಗುರು ಎಲ್ಲವನ್ನೂ ಮಾಡಿದರು. ನಾನು ಹೋದಾಗಲೆಲ್ಲ ಅವರ ಬಾಯಿ ಗ್ರಂದಿಗೆ ಅಂಗಡಿಯ ವಾಸನೆ ಹೊಡೆಯುತ್ತಿತ್ತು. "ಮಾವ, ಹಾಸನಕ್ಕೆ ಬನ್ನಿ, ಹಲ್ಲಿನ ಡಾಕ್ಟರಿಗೆ ತೋರಿಸೋಣ" ಎಂದು ನಾನು ಅನ್ನುವುದು, "ನೋವೇ ಇಲ್ವಲ್ಲ ಕೂಸೇ, ನೋವಿಲ್ದೆ ಡಾಕ್ಟ್ರತ್ರ ಓದ್ರೆ ಡಾಕ್ಟ್ರು ನಗ್ತಾನೆ" ಎಂದು ಅವರು ಅನ್ನುವುದು. ನಾನು ಹಾಸನದ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡುವವಳು. ನಲವತ್ತೈದು ಮಕ್ಕಳಿಗೆ ಬೀಜಗಣಿತ ಒಪ್ಪಿಸಿದ್ದೇನೆ, ಒಬ್ಬ ಮಾವನಿಗೆ ಹಲ್ಲಿನ ಡಾಕ್ಟರನ್ನು ಒಪ್ಪಿಸಲಾಗಲಿಲ್ಲ.

ಒಪ್ಪಿಸಿದ್ದು ಹೊಳೆನರಸೀಪುರದ ಒಂದು ಗೃಹಪ್ರವೇಶ. ನಮ್ಮ ನೆಂಟರ ಮನೆಯೇ, ಮಾವನ ಮಂಡಲಿಯದೇ ಭಜನೆ. ಎರಡನೇ ಪದದ ನಡುವೆ ಮಾವನ ಸರದಿ ಬಂತು. ಕಣ್ಣು ಮುಚ್ಚಿಕೊಂಡು, ಮೈಕನ್ನು ಬಾಯಿಗೆ ಎಳೆದುಕೊಂಡು ಬಿರುಸಿನಿಂದ ಮೀಟಿದರು. 'ಝೊಂಯ್, ಝೊಂಯ್, ಕಟಕ್!' ಮೋರ್ಚಿಂಗ್ ಜಾರಿತು. ಸ್ಪೀಕರು ಆ 'ಕಟಕ್' ಅನ್ನು ಹೊಳೆಯ ಆಚೆ ದಡದವರೆಗೂ ಕೇಳಿಸಿತು. ಕಬ್ಬಿಣದ ಬಳೆಯ ಮೇಲೆ ಕೆಂಪಗೆ ರಕ್ತ.

"ಎಲೆಅಡ್ಕೆ ರಸ, ಎಲೆಅಡ್ಕೆ ರಸ" ಎಂದು ಮಾವ ಪಂಚೆಯ ತುದಿಯಿಂದ ಒರೆಸಿಕೊಂಡರು. ಎಲ್ಲರೂ ನಂಬಿದರು. ನಾನು ನಂಬಲಿಲ್ಲ. ಮೋರ್ಚಿಂಗ್ ಹಿಡಿಯುವ ದಿನ ಅವರು ಎಲೆ ಮುಟ್ಟುವುದಿಲ್ಲ. ಅದೊಂದು ವ್ರತ. ಊಟದ ಹೊತ್ತಿಗೆ ಹುಡುಕಿದರೆ ಮಾವ ಹಿತ್ತಲಿನ ನಲ್ಲಿಯ ಹತ್ತಿರ ಒಬ್ಬರೇ ನಿಂತು ಬಾಯಿ ಮುಕ್ಕಳಿಸುತ್ತಿದ್ದರು. ನನ್ನನ್ನು ನೋಡಿ, "ಅಲ್ಲಾಡ್ತದೆ ಕಣವ್ವ. ಇದೊಂದ್ ಓದ್ರೆ ನಂಗಿನ್ನೇನದೆ ಯೋಳು" ಎಂದರು. ಮಾವ ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಾರನೆಯ ದಿನವೇ ಅವರನ್ನು ಹಾಸನದ ಡಾಕ್ಟರ ಕುರ್ಚಿಯಲ್ಲಿ ಒರಗಿಸಿದೆ.

ಡಾಕ್ಟರು ಮೂವತ್ತು ದಾಟದ ಹೆಣ್ಣುಮಗಳು. ಸಣ್ಣ ಗೆರೆಗಳನ್ನು ಹಾಕಿದ್ದ ಕಡ್ಡಿಯೊಂದನ್ನು ಒಂದೊಂದು ಹಲ್ಲಿನ ಪಕ್ಕಕ್ಕೂ ಮೆಲ್ಲಗೆ ಇಳಿಸುತ್ತ, ಬರೆದುಕೊಳ್ಳಲು ನಿಂತಿದ್ದ ನರ್ಸಿಗೆ ಹೇಳುತ್ತಾ ಹೋದರು: "ಮೂರು, ಮೂರು, ಐದು. ಐದು, ಏಳು, ಏಳು."

ಮಾವನ ಬಲಗೈ ಕುರ್ಚಿಯ ತೋಳಿನ ಮೇಲೆ ತಟ್ಟಲು ಶುರುಮಾಡಿತು. ಬಾಯೊಳಗೆ ಕಡ್ಡಿ ಇದ್ದಾಗಲೇ ಏನೋ ಗೊಣಗಿದರು. ಡಾಕ್ಟರು ಕಡ್ಡಿ ತೆಗೆದರು.

"ಮೂರು ತಿಶ್ರ, ಐದು ಖಂಡ, ಏಳು ಮಿಶ್ರ. ಸರಿ. ಆದ್ರೆ ಇದು ಯಾವ ತಾಳ ಡಾಕ್ಟ್ರಮ್ಮ? ಸಮ ಎಲ್ಲಿ ಬತ್ತದೆ?"

"ಇದು ತಾಳ ಅಲ್ಲ ಅಂಕಲ್. ವಸಡು ಹಲ್ಲನ್ನ ಬಿಟ್ಟು ಎಷ್ಟು ಆಳಕ್ಕೆ ಹೋಗಿದೆ ಅಂತ ಮಿಲಿಮೀಟರ್ ಲೆಕ್ಕ. ಮೂರರ ತನಕ ಚಿಂತೆಯಿಲ್ಲ. ನಿಮಗೆ ಮುಂದೆ ಪೂರ್ತಿ ಏಳಿದೆ."

"ಅಂಗಾರೆ ಮಿಶ್ರ ಛಾಪು ಕಾಯಿಲೆ!" ಎಂದರು ಮಾವ. ಡಾಕ್ಟರು ನಗದೆ ಎಕ್ಸ್-ರೇ ತೋರಿಸಿದರು. "ನೋಡಿ, ನಿಮ್ಮ ಹಲ್ಲಲ್ಲಿ ಒಂದೂ ಹುಳುಕಿಲ್ಲ. ಹಲ್ಲು ಗಟ್ಟಿಯಾಗೇ ಇದೆ. ಕೊಳೆ ಕೂತು ಕಲ್ಲಾಗಿ, ವಸಡಿನ ಕೆಳಗೆ ಇಳಿದು, ಹಲ್ಲು ಹಿಡಿದಿರೋ ಮೂಳೆಯನ್ನ ಸದ್ದಿಲ್ಲದೆ ಕರಗಿಸಿದೆ. ನೋವಿರಲ್ಲ. ಅದಕ್ಕೇ ಯಾರೂ ಬರಲ್ಲ."

ಮಾವ ಬಹಳ ಹೊತ್ತು ಆ ಚಿತ್ರವನ್ನೇ ನೋಡಿದರು. "ತೆಂಗಿನ್ ಬುಡುದ್ ಮಣ್ಣು ಕೊಚ್ಕೊಂಡ್ ಓದಂಗೆ. ಮರ ಚೆನ್ನಾಗೇ ಅದೆ, ನಿಂತ್ಕಳಕ್ಕೆ ನೆಲ ಇಲ್ಲ" ಎಂದರು. ಆಮೇಲೆ, "ಓದ್ ಮಣ್ಣು ವಾಪಸ್ ಬತ್ತದಾ?"

"ಹೋದ ಮೂಳೆ ಮೊದಲಿನ ಹಾಗೆ ಬರಲ್ಲ. ಉಳಿದಿರೋದನ್ನ ಉಳಿಸಿಕೊಳ್ಳಬಹುದು. ಆದರೆ ಅರ್ಧ ಕೆಲಸ ನಂದು, ಅರ್ಧ ನಿಮ್ಮದು." ಹೀಗೆಂದವರು ಮೊದಲು ಸಕ್ಕರೆ ಪರೀಕ್ಷೆಗೆ ಕಳಿಸಿದರು. "ಹಲ್ಲು ತೋರ್ಸಕ್ ಬಂದ್ರೆ ತೋಳಿಗೆ ಸೂಜಿ ಚುಚ್ಚುಸ್ತಾಳಲ್ಲ ಈಯಮ್ಮ!" ಎಂದು ಮಾವ ರೇಗಿದರು. ರಿಪೋರ್ಟು ಬಂತು. ಸಕ್ಕರೆ ಕಾಯಿಲೆ ಯಾವಾಗಲೋ ಬಂದು ಒಳಗೆ ಮಣೆ ಹಾಕಿಕೊಂಡು ಕೂತಿತ್ತು. ಅದು ಹೆಚ್ಚಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಅದು ಇನ್ನೂ ಹೆಚ್ಚುತ್ತದೆ, ಎರಡೂ ಒಂದಕ್ಕೊಂದು ಕುಮ್ಮಕ್ಕು ಕೊಡುತ್ತವೆ ಎಂದು ಡಾಕ್ಟರು ವಿವರಿಸಿದರು. ಅದಕ್ಕೆ ಬೇರೆ ಡಾಕ್ಟರು, ಬೇರೆ ಮಾತ್ರೆ.

ಮೋರ್ಚಿಂಗಿನ ಕಥೆಯನ್ನೆಲ್ಲ ಕೇಳಿಕೊಂಡಿದ್ದ ಹಲ್ಲಿನ ಡಾಕ್ಟರು ಕಡೆಗೆ ಒಂದು ಪ್ರಶ್ನೆ ಹಾಕಿದರು. "ಅಂಕಲ್, ನಿಮಗೆ ಕಡ್ಡಿಪುಡಿ ಬೇಕೋ, ಮೋರ್ಚಿಂಗ್ ಬೇಕೋ? ಎರಡೂ ಅಂದರೆ ನನ್ನಿಂದಾಗಲ್ಲ."

ಮಾವ ಎದ್ದು ಹೊರಗೆ ಹೋದರು. ಓಡಿಹೋದರೇನೋ ಎಂದು ಬಾಗಿಲಿಗೆ ಬಂದು ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಕಡ್ಡಿಪುಡಿ ಡಬ್ಬಿ. ಅರ್ಧ ಗಂಟೆ ಹಾಗೇ ಕೂತಿದ್ದು, ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿ, ಒಳಗೆ ಬಂದು, "ಬುಟ್ಟೆ" ಎಂದರು. "ಇನ್ ನಿಮ್ ಅರ್ಧ ಕೆಲ್ಸ ಶುರು ಮಾಡಿ."

ಬಿಡುವುದೇನು, ಹೇಳಿದಷ್ಟು ಸುಲಭವೇ? ನಲವತ್ತು ವರ್ಷದ ಸಂಸಾರ ಅದು! ಮೊದಲ ವಾರ ಮಾವನ ಕೈ ತಾನೇ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತಂತೆ. ಸೋಂಪು ಜಗಿದರು, ಏಲಕ್ಕಿ ಜಗಿದರು, ಯಾರೋ ತಂದುಕೊಟ್ಟ ಚೂಯಿಂಗ್ ಗಮ್ ನುಂಗಿಯೇ ಬಿಟ್ಟರು. ಕರುವಿನ ಜೊತೆ ಜಗಳವಾಡಿದರು. ಹನ್ನೊಂದನೇ ದಿನ ಬೆಳಿಗ್ಗೆ ಆರಕ್ಕೆ ನನಗೆ ಫೋನು.

"ಮಗ, ನಾನು ಕಳ್ಳ."

"ಏನ್ ಮಾವ, ಏನಾಯ್ತು?"

"ನೆನ್ನೆ ಸಂತೇಲಿ ಒಂದ್ ಚಿಟಿಕೆ ಆಕ್ಬುಟ್ಟೆ. ಆ ಡಾಕ್ಟ್ರಮ್ಮಂಗೆ ನೀನೇ ಯೋಳ್ಬುಡು. ನಂಗ್ ಮುಖ ಇಲ್ಲ."

ನಾನು ಹೇಳಿದೆ. "ಹನ್ನೊಂದು ದಿನಕ್ಕೆ ಒಂದು ಚಿಟಿಕೆ ತಾನೇ, ಇವತ್ತಿಂದ ಮತ್ತೆ ಒಂದನೇ ದಿನ ಅಂತ ಎಣಿಸಲಿ" ಎಂದರು ಡಾಕ್ಟರು. ಮಾವ ಎಣಿಸಿದರು. ಆಮೇಲೆ ಆ ಎಣಿಕೆ ಮತ್ತೆ ಒಂದಕ್ಕೆ ಬರಲಿಲ್ಲ.

ಶುಚಿ ಮಾಡುವ ಕೆಲಸ ನಾಲ್ಕು ಸಲವಾಯಿತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬಾಯಿಯ ಒಂದೊಂದು ಭಾಗದಲ್ಲೂ ವಸಡಿನ ಒಳಗಿನ ಕಲ್ಲನ್ನು ಕೆರೆದು ತೆಗೆದರು. ಮೊದಲನೇ ಸಲ ಮುಗಿಸಿಕೊಂಡು ಮಾವ ಒಬ್ಬರೇ ಅರಕಲಗೂಡು ಬಸ್ಸು ಹತ್ತಿದರು. ಬಾಯಿ ಇನ್ನೂ ಮರಗಟ್ಟಿದೆ. ಕಂಡಕ್ಟರು ಎಲ್ಲಿಗೆ ಎಂದರೆ, "ಅವವಗೂಊ" ಎಂದರಂತೆ. ಮತ್ತೆ ಕೇಳಿದರೆ ಮತ್ತೆ "ಅವವಗೂಊ", ಜೊತೆಗೆ ತುಟಿಯ ಮೂಲೆಯಿಂದ ಜೊಲ್ಲು. "ಯಜಮಾನ್ರೇ, ಮಟಮಟ ಮಧ್ಯಾಹ್ನವೇ ಆಕ್ಕೊಂಡ್ ಬಂದಿದ್ದೀರಲ್ಲ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಕಂಡಕ್ಟರು ಬೈದರು. ಹನಿ ಮುಟ್ಟದ ನಮ್ಮ ಮಾವ, ಭಜನಾ ಮಂಡಲಿಯ ವಿದ್ವಾನ್, ಬಾಯಿದ್ದೂ ಉತ್ತರ ಕೊಡಲಾಗದೆ ಡಾಕ್ಟರ ಚೀಟಿಯನ್ನು ಎತ್ತಿ ಹಿಡಿದುಕೊಂಡು ಊರು ಮುಟ್ಟಿದರು.

ನಾಲ್ಕನೇ ಸಲವಾದ ಮೇಲೆ ನಿಜವಾದ ಯುದ್ಧ. ಕಲ್ಲು ಹೋದ ಜಾಗದಲ್ಲಿ ಸಂದು ಕಾಣಿಸಿತು. ಹಲ್ಲು ಇನ್ನೂ ಹೆಚ್ಚಾಗಿ ಅಲ್ಲಾಡುವಂತೆ ಅನ್ನಿಸಿತು. ಮಾವ ಮೊದಲ ಬಸ್ಸಿಗೇ ಬಂದಿಳಿದರು. "ಇದ್ದ ಸಿಮೆಂಟ್ನೂ ಕಿತ್ತಾಕ್ಬುಟ್ಳು! ಊರಲ್ಲೆಲ್ಲ ಯೋಳಿದ್ರು, ಕಿಲೀನ್ ಮಾಡ್ಸಿದ್ರೆ ಹಲ್ಲು ಸಡ್ಲ ಆಯ್ತವೆ ಅಂತ!" ಡಾಕ್ಟರು ಬೇಸರಿಸಿಕೊಳ್ಳದೆ ಕನ್ನಡಿ ಕೊಟ್ಟರು. "ಅದು ಸಿಮೆಂಟ್ ಅಲ್ಲ ಅಂಕಲ್, ಕಾಯಿಲೆಯ ಗೂಡು. ವಸಡಿನ ಊತ ಇಳಿದಿದೆ, ಅದಕ್ಕೆ ಸಂದು ಕಾಣ್ತಿದೆ. ಉಜ್ಜಿ ನೋಡಿ, ರಕ್ತ ಬರುತ್ತಾ?"

ಮಾವ ಅಲ್ಲೇ ಉಜ್ಜಿದರು. ಬರಲಿಲ್ಲ. ಮತ್ತೆ ಉಜ್ಜಿದರು. ಬರಲಿಲ್ಲ. ಡಾಕ್ಟರು ಕೆಳಗಿನ ಮುಂಬಲ್ಲುಗಳನ್ನು ಹಿಂಬದಿಯಿಂದ ಸಣ್ಣ ತಂತಿಯಲ್ಲಿ ಒಂದಕ್ಕೊಂದು ಸೇರಿಸಿ ಅಂಟಿಸಿದರು. ಅಪ್ಪಣೆಯನ್ನೂ ಕೊಟ್ಟರು: ಮೂರು ತಿಂಗಳು ಮೋರ್ಚಿಂಗ್ ಮುಟ್ಟಕೂಡದು.

ಕಡ್ಡಿಪುಡಿ ಬಿಡುವಾಗ ಮಾವನ ಕಣ್ಣಲ್ಲಿ ನೀರು ಬಂದಿರಲಿಲ್ಲ. ಈಗ ಬಂತು. ಆದರೂ ಹಟ ಎಂದರೆ ಹಟ. ಮೋರ್ಚಿಂಗನ್ನು ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟರು. ಆ ಮೂರು ತಿಂಗಳು ಅವರ ಸಂಗೀತವೆಲ್ಲ ಬ್ರಷ್ಷಿನಲ್ಲೇ! ಮೆತ್ತನೆ ಬ್ರಷ್ಷು, ವಸಡಿನ ಕಡೆಗೆ ಓರೆಯಾಗಿ ಹಿಡಿದು, ಎರಡೆರಡು ಹಲ್ಲಿಗೆ ಆದಿತಾಳದ ಒಂದೊಂದು ಆವರ್ತನ. ಸಂದಿಗೆ ಬೇರೆ ಪುಟಾಣಿ ಬ್ರಷ್ಷು, ಅದು ತನಿ ಆವರ್ತನವಂತೆ. ಬೆಳಿಗ್ಗೆ ಒಂದು ಕಛೇರಿ, ರಾತ್ರಿ ಊಟವಾದ ಮೇಲೆ ಒಂದು ಕಛೇರಿ.

ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಉಪದ್ರವ ನಿಮಗೆ ಗೊತ್ತೇ ಇದೆ. ಚನ್ನರಾಯಪಟ್ಟಣದಲ್ಲಿ ನಮ್ಮ ಸಂಬಂಧಿಕರ ಹುಡುಗಿಯ ನಿಶ್ಚಿತಾರ್ಥ. ಗಂಡಿನ ಕಡೆಯವರು ಬಂದು ಚಾಪೆಯ ಮೇಲೆ ಕೂತಿದ್ದಾರೆ. ಹಿರಿಯರೊಬ್ಬರು ಹೆಣ್ಣಿನ ಕಡೆಯಿಂದ ಏನಾದರೂ ಕೇಳುವುದಿದೆಯೇ ಎಂದರು. ಮಾವ ಗಂಟಲು ಸರಿಮಾಡಿಕೊಂಡು ಗಂಡಿನ ಅಪ್ಪನನ್ನೇ ಕೇಳಿದರು.

"ಬೀಗ್ರೇ, ಹಲ್ಲುಜ್ಜುವಾಗ ರಕ್ತ ಬತ್ತದಾ?"

ಆ ಮನುಷ್ಯ ಕೆಂಪಗಾಗಿ, "ನಮ್ ಹಲ್ಲು ಎಣ್ಸಕ್ಕೆ ನಾವೇನ್ ಎತ್ತಾ?" ಎಂದು ಶಲ್ಯ ಕೊಡವಿಕೊಂಡು ಎದ್ದೇಬಿಟ್ಟರು. ಕೈಕಾಲು ಹಿಡಿದು ಕೂರಿಸಬೇಕಾದರೆ ನಮಗೆ ಸಾಕುಬೇಕಾಯಿತು. ಮಾವನನ್ನು ಯಾರೂ ಮಾತಾಡಿಸಲಿಲ್ಲ. ಮುಂದಿನ ವಾರ ಹಾಸನದ ಹಲ್ಲಿನ ಆಸ್ಪತ್ರೆಯಲ್ಲಿ ನಾವು ಸರದಿಗೆ ಕೂತಿದ್ದಾಗ ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ಯಾರು ಅಂತೀರಿ? ಅದೇ ಬೀಗರು! ನಮ್ಮನ್ನು ಕಂಡು ಹಿಂದಕ್ಕೆ ತಿರುಗಲು ನೋಡಿದರು. ಮಾವ ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, "ನಂಗೂ ಏಳಿತ್ತು ಬೀಗ್ರೇ, ಎದ್ರುಕೋಬೇಡಿ" ಎಂದು ಬೆನ್ನು ಸವರಿದರು.

ಮೂರು ತಿಂಗಳು ಕಳೆಯಿತು. ಡಾಕ್ಟರು ಮತ್ತೆ ಕಡ್ಡಿ ಇಳಿಸಿದರು: "ಎರಡು, ಮೂರು, ಮೂರು. ಮೂರು, ನಾಲ್ಕು, ನಾಲ್ಕು." ಕೆಳಗಿನ ಒಂದು ಹಲ್ಲು ಇನ್ನೂ ಅನುಮಾನವೇ, ಸಕ್ಕರೆ ಹತೋಟಿಯಲ್ಲಿರಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಮೋರ್ಚಿಂಗ್? ದಿನಕ್ಕೆ ಹತ್ತು ನಿಮಿಷ, ಹಗುರವಾಗಿ. ಮಾವ ಅವರ ಎದುರಿಗೇ ಹಲ್ಲಿಗೆ ಹಿಡಿದು ಮೀಟಿದರು. ನಾದ ನಡುಗಲಿಲ್ಲ. ನರ್ಸು ಚಪ್ಪಾಳೆ ತಟ್ಟಿದರು. ಮಾವ ಕೈ ಮುಗಿದು, "ಸರಿ, ಇನ್ನು ನಮ್ಮನೆಯವಳನ್ನ ಕರ್ಕಬತ್ತೀನಿ" ಎಂದರು.

ಅತ್ತೆಯ ವಿಷಯ ನಾನು ಇಷ್ಟು ಹೊತ್ತು ಹೇಳಲೇ ಇಲ್ಲ. ಮಾವನ ಗದ್ದಲದಲ್ಲಿ ಅತ್ತೆ ಯಾರಿಗೂ ಕಾಣಿಸುವುದಿಲ್ಲ. ಅವರಿಗೆ ಚಿಕ್ಕಂದಿನಿಂದಲೂ ಕಿವಿ ಸೋರುತ್ತಿತ್ತು. ನಾಲ್ಕು ವರ್ಷದಿಂದ ಕೇಳಿಸುವುದು ತೀರಾ ಕಡಿಮೆಯಾಗಿದೆ. ಕಿವಿಯ ಯಂತ್ರ ತಂದುಕೊಟ್ಟರೆ 'ಕುಂಯ್ ಅಂತದೆ' ಎಂದು ಬೀರುವಿನಲ್ಲಿಟ್ಟಿದ್ದಾರೆ. ಕಿವಿ ಸರಿಯಾಗಿದ್ದಾಗ ಸಂಜೆ ಜಗಲಿಯಲ್ಲಿ ಅತ್ತೆ ಅವರೆಕಾಯಿ ಬಿಡಿಸುವುದು, ಪಕ್ಕದಲ್ಲಿ ಮಾವ ಬಾರಿಸುವುದು. ಅವರಿಗೆ ಕೇಳಿಸುವುದು ನಿಂತ ಮೇಲೆ ಮಾವ ಜಗಲಿಯಲ್ಲಿ ಕೂರುವುದನ್ನೇ ಬಿಟ್ಟರು. ಹೊಲಕ್ಕೆ ಹೋಗಿ ಬಾರಿಸುತ್ತಿದ್ದರು.

ಅತ್ತೆಯ ವಸಡು ಚೆನ್ನಾಗಿಯೇ ಇತ್ತು. ಸ್ವಲ್ಪ ಕಲ್ಲಿದೆ, ಒಮ್ಮೆ ಶುಚಿ ಮಾಡಿದರೆ ಸಾಕು ಎಂದ ಡಾಕ್ಟರು ಸಣ್ಣ ಯಂತ್ರದ ತುದಿಯನ್ನು ಅವರ ಮುಂಬಲ್ಲಿಗೆ ತಾಗಿಸಿದರು. ಅತ್ತೆ ಬೆಚ್ಚಿ ಎದ್ದು ಕೂತರು.

"ನೋವಾಯ್ತಾ ಅಮ್ಮ?" ಎಂದು ಡಾಕ್ಟರು ಕೈಸನ್ನೆ ಮಾಡಿದರು.

"ಇಲ್ಲ. ಅದೇನವ್ವ ಅಷ್ಟೊಂದು ಸದ್ದು! ತಲೆ ತುಂಬ ಗುಂಯ್ ಅಂತದೆ!"

ಮೂಲೆಯಲ್ಲಿ ಕೂತಿದ್ದ ಮಾವ ಎದ್ದು ನಿಂತರು. ನಾನೂ ನಿಂತೆ. ಮನೆಯಲ್ಲಿ ಮಿಕ್ಸಿ ತಿರುಗಿದರೆ ಅತ್ತೆಗೆ ಗೊತ್ತಾಗುವುದಿಲ್ಲ. ಡಾಕ್ಟರು ಯಂತ್ರ ನಿಲ್ಲಿಸಿ ನಿಧಾನವಾಗಿ ಹೇಳಿದರು. ಕೆಟ್ಟಿರುವುದು ಅವರ ಕಿವಿಯ ಹೊರಗಿನ ದಾರಿ ಇರಬೇಕು, ಒಳಗಿನ ಕಿವಿ ಇನ್ನೂ ಚೆನ್ನಾಗಿರಬಹುದು. ಹಲ್ಲಿಗೆ ತಾಗಿದ ಸದ್ದು ಮೂಳೆಯಲ್ಲೇ ಹರಿದು ನೇರ ಅಲ್ಲಿಗೆ ಹೋಗುತ್ತದೆ. ಕಿವಿಯ ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಹಾಸನದ ಬಸ್ ನಿಲ್ದಾಣಕ್ಕೆ ಬಂದೆವು. ಮಧ್ಯಾಹ್ನದ ಜನ, ಹಾರ್ನು, ಕಡಲೆಕಾಯಿ ಮಾರುವವರ ಕೂಗು. ಅತ್ತೆ ಕಲ್ಲು ಬೆಂಚಿನ ಮೇಲೆ ಕೂತರು. ಮಾವ ಅವರ ಎದುರಿಗೆ ನೆಲದ ಮೇಲೆ ಮೊಣಕಾಲೂರಿ ಕೂತು, ಜೇಬಿನಿಂದ ಮೋರ್ಚಿಂಗ್ ತೆಗೆದು, ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಇಸಿದುಕೊಂಡು ತೊಳೆದು, ಪಂಚೆಯಿಂದ ಒರೆಸಿದರು. ಹಲ್ಲು ಕಿರಿದು ತೋರಿಸಿ, ಹೀಗೆ ಹಿಡಿ ಎಂದು ಸನ್ನೆ ಮಾಡಿದರು.

"ಇದೇನ್ರೀ, ಎಲ್ರೂ ನೋಡ್ತಾವ್ರೆ" ಎಂದರು ಅತ್ತೆ. ನಿಜವಾಗಿಯೂ ಎಲ್ಲರೂ ನೋಡುತ್ತಿದ್ದರು. ಆದರೂ ಹಿಡಿದರು. ಮಾವ ಕೈ ಚಾಚಿ, ಒಂದೇ ಒಂದು ಬೆರಳಿನಿಂದ, ಬಹಳ ಮೆಲ್ಲಗೆ ಮೀಟಿದರು.

ಅತ್ತೆಯ ಕಣ್ಣು ಅಗಲವಾಯಿತು. ಮಾವ ಮತ್ತೆ ಮೀಟಿದರು, ಮತ್ತೆ, ಮತ್ತೆ. ಆ ಗದ್ದಲದಲ್ಲಿ ಎರಡು ಮಾರು ದೂರದಲ್ಲಿ ನಿಂತ ನನಗೇ ಏನೂ ಕೇಳಿಸುತ್ತಿರಲಿಲ್ಲ. ಅತ್ತೆಯೊಬ್ಬರಿಗೇ ಕೇಳಿಸುತ್ತಿತ್ತು. ಅವರು ಥಟ್ಟನೆ ಮಾವನ ಮಣಿಕಟ್ಟು ಹಿಡಿದುಕೊಂಡರು. ಹಲ್ಲಿಗೆ ನೋವಾಯಿತೇನೋ ಎಂದು ಮಾವ ಗಾಬರಿಯಿಂದ ಕೈ ತಡೆದರು.

ಅತ್ತೆ ಮೋರ್ಚಿಂಗನ್ನು ಬಾಯಿಂದ ತೆಗೆಯದೆ ಹಾಗೇ ಅಂದರು: "ಯಾಕ್ ನಿಲ್ಲುಸ್ಬುಟ್ರಿ? ಬಾರ್ಸಿ."

ಅರಕಲಗೂಡಿನ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ನಾನು ಕಂಡಕ್ಟರಿಗೆ, ನೀವು ಹೋಗಿ ಎಂದು ಕೈ ಬೀಸಿದೆ.